ತತ್ತಿಯೊಡೆದ ಮೀನುಮರಿಗಳ ಪಾಲನೆ: ಮೊದಲ ಹತ್ತು ದಿನಗಳು

ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಳ್ಳಲು ಹೆಚ್ಚು ಜಾಗ ಬೇಕಾಗುವುದಿಲ್ಲ. ಇಳಕಲ್ಲಿನ ಮಗ್ಗದ ಮನೆಯ ಪಡಸಾಲೆಯಲ್ಲಾಗಲಿ, ಬಾದಾಮಿಯ ತೋಟದ ಮನೆಯ ನೆರಳಿನಲ್ಲಾಗಲಿ ನಾಲ್ಕಾರು ತೊಟ್ಟಿಗಳಿದ್ದರೆ ಸಾಕು. ಗಪ್ಪಿ, ಮೊಲ್ಲಿಗಳು ಈಜಬಲ್ಲ ಮರಿಗಳನ್ನೇ ಹಾಕುವುದರಿಂದ ಅವುಗಳ ಪಾಲನೆ ಸುಲಭ. ಗೋಲ್ಡ್ ಫಿಶ್, ಗೌರಾಮಿ, ಫೈಟರ್ ಮೊದಲಾದವು ತತ್ತಿ ಇಡುವ ಜಾತಿಗಳು. ಇವುಗಳಿಂದ ಒಂದೇ ಸಲಕ್ಕೆ ನೂರಾರು ಮರಿಗಳು ದೊರೆತರೂ ಕೆಲವೇ ದಿನಗಳಲ್ಲಿ ಎಲ್ಲವೂ ಸತ್ತು ಶ್ರಮ ವ್ಯರ್ಥವಾಗುವುದುಂಟು. ಇದಕ್ಕೆ ಬಹುಮಟ್ಟಿಗೆ ರೋಗ ಕಾರಣವಲ್ಲ. ಹಸಿವು ಮತ್ತು ಕೆಟ್ಟ ನೀರು ಕಾರಣ.

ತತ್ತಿಯಿಂದ ಮರಿ

ಗೋಲ್ಡ್ ಫಿಶ್ ತತ್ತಿಗಳು ನೀರಿನ ಗಿಡಗಳಿಗೆ ಅಂಟಿಕೊಳ್ಳುತ್ತವೆ. ತಾಯಿ ಮೀನುಗಳೇ ತತ್ತಿಗಳನ್ನು ತಿನ್ನುವುದರಿಂದ ಗಿಡಸಮೇತ ಅವನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. 25 ಡಿಗ್ರಿ ಸೆಲ್ಸಿಯಸ್ ಸುಮಾರಿನ ಉಷ್ಣತೆಯಲ್ಲಿ 2-3 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಗೌರಾಮಿ ಮತ್ತು ಫೈಟರ್ ಜಾತಿಗಳಲ್ಲಿ ಗಂಡು ಮೀನು ನೊರೆಯ ಗೂಡು ಕಟ್ಟಿ ತತ್ತಿಗಳನ್ನು ಕಾಯುತ್ತದೆ. ತತ್ತಿ ಇಟ್ಟ ಕೂಡಲೇ ಹೆಣ್ಣನ್ನು, ಮರಿಗಳು ಈಜತೊಡಗಿದ ಮೇಲೆ ಗಂಡನ್ನು ತೆಗೆಯಬೇಕು.

ಹೊಸ ಮರಿಯ ಹೊಟ್ಟೆಯಲ್ಲಿ ಹಳದಿ ಭಂಡಾರದ ಚೀಲವಿರುತ್ತದೆ. ಅದು ಮುಗಿಯುವವರೆಗೆ, ಅಂದರೆ ಸುಮಾರು ಎರಡು ದಿನ, ಮರಿಗೆ ಹೊರಗಿನ ಆಹಾರ ಬೇಡ. ಈ ಅವಧಿಯಲ್ಲಿ ಹಾಕಿದ ಆಹಾರ ಕೊಳೆತು ನೀರನ್ನು ಕೆಡಿಸುತ್ತದೆ. ಮರಿಗಳು ಅಡ್ಡಲಾಗಿ ಈಜತೊಡಗಿದವೆಂದರೆ ಆಹಾರ ಕೊಡುವ ಹೊತ್ತು ಬಂದಿತೆಂದು ತಿಳಿಯಬೇಕು.

ಮೊದಲ ಆಹಾರ

ಆಹಾರವು ಮರಿಯ ಬಾಯಿಗಿಂತ ದೊಡ್ಡದಾಗಿದ್ದರೆ ಎದುರಿಗೆ ಎಷ್ಟಿದ್ದರೂ ಮರಿ ಉಪವಾಸ ಸಾಯುತ್ತದೆ. ಗೌರಾಮಿ, ಫೈಟರ್ ಮರಿಗಳ ಬಾಯಿ ಅತಿ ಚಿಕ್ಕದು. ಅವುಗಳಿಗೆ ಮೊದಲ ನಾಲ್ಕೈದು ದಿನ ಇನ್‌ಫ್ಯುಸೋರಿಯಾ ಎಂಬ ಸೂಕ್ಷ್ಮಜೀವಿಗಳೇ ಆಹಾರ. ಬಾಳೆಹಣ್ಣಿನ ಸಿಪ್ಪೆಯನ್ನಾಗಲಿ ಒಣಹುಲ್ಲನ್ನಾಗಲಿ ನೀರಿನಲ್ಲಿ ಹಾಕಿ ತೆಳುಬಟ್ಟೆ ಮುಚ್ಚಿಡಬೇಕು. ನೀರು ಮೊದಲು ಹಾಲಿನಂತಾಗಿ ವಾಸನೆ ಬರುತ್ತದೆ. ನಾಲ್ಕೈದು ದಿನಗಳಲ್ಲಿ ತಿಳಿಯಾಗಿ ನಸುಹಳದಿ ಬಣ್ಣ ಬಂದಾಗ ಬಳಸಬಹುದು. ಇದಕ್ಕೆ ಇಷ್ಟು ದಿನ ಹಿಡಿಯುವುದರಿಂದ, ಜೋಡಿ ಮೀನುಗಳನ್ನು ತೊಟ್ಟಿಗೆ ಬಿಡುವ ದಿನವೇ ತಯಾರಿ ಆರಂಭಿಸುವುದು ಅವಶ್ಯ.

ಗೋಲ್ಡ್ ಫಿಶ್ ಮರಿಗಳು ಮೊದಲಿನಿಂದಲೇ ಆರ್ಟೀಮಿಯಾ ಮರಿಗಳನ್ನು ತಿನ್ನಬಲ್ಲವು. ಲೀಟರ್ ನೀರಿಗೆ 25-30 ಗ್ರಾಂ ಕಲ್ಲುಪ್ಪು ಬೆರೆಸಿ, ಗಾಳಿ ಮತ್ತು ಬೆಳಕು ಒದಗಿಸಿದರೆ ಆರ್ಟೀಮಿಯಾ ತತ್ತಿಗಳು 24-36 ತಾಸಿನಲ್ಲಿ ಒಡೆಯುತ್ತವೆ. ಅವನ್ನು ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಇದು ಸಿಗದಿದ್ದಲ್ಲಿ ಬೇಯಿಸಿದ ಕೋಳಿತತ್ತಿಯ ಹಳದಿ ಭಾಗವನ್ನು ಬಟ್ಟೆಯಲ್ಲಿ ಹಿಂಡಿ ಕೆಲವೇ ಹನಿ ಹಾಕಬಹುದು. ಹೆಚ್ಚಾದರೆ ನೀರು ಕೆಡುವುದು ಖಚಿತ. ಆಹಾರವನ್ನು ದಿನಕ್ಕೆ 4-5 ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ನೀರಿನ ನಿರ್ವಹಣೆ

ಬಾಗಲಕೋಟೆಯಂಥ ಪಟ್ಟಣಗಳ ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ ಮರಿಗಳಿಗೆ ಮಾರಕ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ. ಎರಡನ್ನೂ ಒಂದು ದಿನ ತೆರೆದ ತೊಟ್ಟಿಯಲ್ಲಿ ಗಾಳಿಯಾಡಲು ಬಿಟ್ಟು ಬಳಸಬೇಕು. ಹುನಗುಂದ, ಬಾದಾಮಿ ಭಾಗದಲ್ಲಿ ಕೆರೆ ಅಥವಾ ಹೊಳೆಯ ನೀರು ಬಳಸುವವರು ದಟ್ಟ ಬಟ್ಟೆಯಲ್ಲಿ ಸೋಸಬೇಕು. ಅದರಲ್ಲಿರುವ ಹುಳುಗಳು ಮರಿಗಳನ್ನು ತಿನ್ನುತ್ತವೆ. ಕೀಟನಾಶಕ ಬೆರೆಸಿದ ಬಕೀಟನ್ನು ಎಷ್ಟೇ ತೊಳೆದರೂ ಬಳಸಬಾರದು.

ನೀರಿನ ಆಳ 15-20 ಸೆಂ.ಮೀ. ಸಾಕು. ಗಾಳಿಯ ಗುಳ್ಳೆಗಳು ಮೆಲ್ಲಗೆ ಏಳುವಂತಿರಲಿ. ತುದಿಗೆ ಬಟ್ಟೆ ಕಟ್ಟಿದ ಸಪೂರ ಕೊಳವೆಯಿಂದ ದಿನವೂ ಹತ್ತನೇ ಒಂದು ಭಾಗ ನೀರು ತೆಗೆದು, ಅಷ್ಟೇ ಉಷ್ಣತೆಯ ಹೊಸ ನೀರನ್ನು ನಿಧಾನವಾಗಿ ಸೇರಿಸಬೇಕು. ಬೇಸಿಗೆಯ ಬಿಸಿಲಿಗೆ ನೀರು ಬೇಗ ಕೆಡುವುದರಿಂದ ಹೊಸಬರು ಚಳಿಗಾಲದಲ್ಲಿ ಆರಂಭಿಸುವುದು ಮೇಲು. ಫೈಟರ್, ಗೌರಾಮಿ ತೊಟ್ಟಿಗಳನ್ನು ಆಗ ಮುಚ್ಚಿಡಬೇಕು. ಈ ಮರಿಗಳು ಮುಂದೆ ಮೇಲೆ ಬಂದು ಗಾಳಿ ನುಂಗುವುದರಿಂದ ತಣ್ಣನೆಯ ಗಾಳಿ ಅವುಗಳಿಗೆ ಅಪಾಯಕರ.

ಮೂರು ನಾಲ್ಕು ವಾರಗಳ ನಂತರ ಮರಿಗಳನ್ನು ಗಾತ್ರಕ್ಕನುಸಾರವಾಗಿ ಬೇರ್ಪಡಿಸಬೇಕು. ಮಾರಾಟವಾಗದೆ ಉಳಿದ ಮೀನುಗಳನ್ನು ಮಲಪ್ರಭೆಗಾಗಲಿ, ಊರಿನ ಕೆರೆಗಾಗಲಿ ಬಿಡಕೂಡದು. ಪರದೇಶದ ಈ ಜಾತಿಗಳು ಅಲ್ಲಿ ಬೇರೂರಿದರೆ ನಾಡಮೀನುಗಳಿಗೂ, ಅವನ್ನು ನಂಬಿದ ಮೀನುಗಾರರಿಗೂ ಹಾನಿಯಾಗಬಹುದು.