ಗೇಮ್ ನಿಮ್ಮದು, ಬೀಗದ ಕೈ ಯಾರದು?

1. ದುಡ್ಡು ಕೊಡುವ ಮುಂಚೆ ಕೈಗೆ ಏನು ಬರುತ್ತದೆಂದು ನೋಡಿ. 'ಬೈ' ಎಂಬ ಗುಂಡಿ ಒತ್ತಿದರೂ ಬಹಳ ಕಡೆ ಸಿಗುವುದು ಆಡುವ ಪರವಾನಗಿ ಅಷ್ಟೇ. 2014ರಲ್ಲಿ ಬಂದ 'ದ ಕ್ರೂ' ಎಂಬ ಕಾರ್ ರೇಸ್ ಗೇಮಿನ ಸರ್ವರನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ತಮ್ಮ ಪಾಡಿಗೆ ಒಬ್ಬರೇ ಆಡುತ್ತಿದ್ದವರ ಆಟವೂ ಅಲ್ಲಿಗೆ ಮುಗಿಯಿತು. ಡಿಸ್ಕ್ ಜೋಪಾನ ಮಾಡಿದವರಿಗೂ ಅದೇ ಗತಿ. ಬಾಡಿಗೆ ಮನೆಗೆ ಮಾರ್ಬಲ್ ಹಾಕಿಸಿದ ಹಾಗಾಯಿತು.

2. ಆಯ್ಕೆ ಇದ್ದಾಗ ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಳ್ಳಿ. ಅಲ್ಲಿ ಬೀಗವಿಲ್ಲದ ಇನ್‌ಸ್ಟಾಲರ್ ಸಿಗುತ್ತದೆ. ಕೊಂಡ ದಿನವೇ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕಿಡಿ.

3. ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬಹಳಷ್ಟು ಹಳೇ ಯಂತ್ರಗಳಲ್ಲಿಲ್ಲ. ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಅದರಿಂದಲೇ ಬೂಟ್ ಮಾಡಿ. ವೈಫೈ, ಸೌಂಡ್ ಸರಿಯಿದ್ದರೆ ಮಾತ್ರ ಮುಂದಿನ ಹೆಜ್ಜೆ. ಫೋಟೋಗಳ ಬ್ಯಾಕಪ್ ಮೊದಲು, ಸಾಹಸ ಆಮೇಲೆ.

4. ಲಿನಕ್ಸಿನಲ್ಲಿ ಗೇಮ್ ಓಡಲ್ಲ ಎನ್ನುವುದು ಹಳೇ ಮಾತು. 1993ರಲ್ಲಿ ಶುರುವಾದ ವೈನ್ ತಂತ್ರಾಂಶದ ಮೇಲೆ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಕಟ್ಟಿತು. ವಿಂಡೋಸಿಗೆಂದು ಮಾಡಿದ ಸಾವಿರಾರು ಗೇಮ್‌ಗಳು ಇದರಿಂದಲೇ ಓಡುತ್ತವೆ. ಆದರೂ ಕೊಳ್ಳುವ ಮೊದಲು ಆಡಿದವರು ಅನುಭವ ಬರೆಯುವ ಜಾಲತಾಣ ಪ್ರೋಟಾನ್‌ಡಿಬಿಯಲ್ಲಿ ಹೆಸರು ಹುಡುಕಿ. ಸೇಲ್ ಮುಗಿಯುತ್ತೆ ಅಂತ ನಡುರಾತ್ರಿ ಅವಸರಪಟ್ಟು ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

5. ಸೋಲುವ ಜಗಳಕ್ಕೆ ಇಳಿಯಬೇಡಿ. ವಾಲೊರಂಟ್‌ನ ಮೋಸತಡೆ ತಂತ್ರಾಂಶ (ಆಂಟಿಚೀಟ್) ವಿಂಡೋಸಿನ ತಿರುಳಾದ ಕರ್ನಲ್‌ನಲ್ಲೇ ಕೂರುತ್ತದೆ, ಲಿನಕ್ಸಿಗೆ ಬರುವುದೇ ಇಲ್ಲ. ಚೆನ್ನಾಗಿ ಓಡುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ ಕೂಡ 2024ರಲ್ಲಿ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು. ಗೆಳೆಯರೆಲ್ಲ ಇಂಥ ಗೇಮುಗಳನ್ನೇ ಆಡುತ್ತಾರಾ? ಬೇರೆ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇಟ್ಟುಕೊಳ್ಳಿ. ಇದು ಮಡಿ-ಮೈಲಿಗೆಯ ವಿಷಯವಲ್ಲ.

6. ಸಾಧನ ಕೊಳ್ಳುವಾಗ ಕೇಳಬೇಕಾದ್ದು ಒಂದೇ: ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಲು ಬಿಡುತ್ತಾರಾ? ವಾಲ್ವ್ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಸಾಧನ ಸ್ಟೀಮ್ ಡೆಕ್ ಬಿಡುತ್ತದೆ. ಅದರೊಳಗಿರುವುದೇ ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್. ಬೇಕಾದರೆ ತೆಗೆದು ವಿಂಡೋಸ್ ಹಾಕಿ. ಬಿಟ್ಟವರು ಮುಂದೆಯೂ ಬಿಡುತ್ತಾರೆಂಬ ಖಾತ್ರಿಯೇನೂ ಇಲ್ಲ, ಅದು ಬೇರೆ ಮಾತು. ಲಿನಕ್ಸ್ ಹಾಕಬಹುದು ಎಂದು 2006ರಲ್ಲಿ ಮಾರಿದ ಪ್ಲೇಸ್ಟೇಷನ್ 3ರಿಂದ ಆ ಸೌಲಭ್ಯವನ್ನು ಸೋನಿ 2010ರ ಏಪ್ರಿಲ್ 1ರ ಅಪ್‌ಡೇಟಿನಲ್ಲಿ ಕಿತ್ತುಹಾಕಿತು. ಅಪ್‌ಡೇಟ್ ಒಲ್ಲೆ ಎಂದವರಿಗೆ ಆನ್‌ಲೈನ್ ಆಟ ಬಂದ್. ಅಮೆರಿಕದ ವಾಯುಪಡೆ ಇಂಥ 1,700ಕ್ಕೂ ಹೆಚ್ಚು ಯಂತ್ರಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಮಾಡಿಕೊಂಡಿತ್ತೆಂದರೆ, ಕಳೆದುಕೊಂಡದ್ದೇನೂ ಆಟಿಕೆಯಲ್ಲ.

7. ಸೇವ್ ಫೈಲಿಗೆ ಎರಡು ಪ್ರತಿ.

8. ಆಡಿದ ಮೇಲೆ ಪ್ರೋಟಾನ್‌ಡಿಬಿಯಲ್ಲಿ ಎರಡು ಸಾಲು ಬರೆಯಿರಿ: ಯಾವ ಗ್ರಾಫಿಕ್ಸ್ ಕಾರ್ಡ್, ಪ್ರೋಟಾನಿನ ಯಾವ ಆವೃತ್ತಿ, ಎಲ್ಲಿ ಸಿಕ್ಕಿಹಾಕಿಕೊಂಡಿತು. 'ಸೂಪರ್' ಎಂಬ ಹೊಗಳಿಕೆಗಿಂತ 'ಎರಡನೇ ಲೆವೆಲ್‌ನಲ್ಲಿ ನಿಂತುಹೋಯ್ತು' ಎಂಬ ದೂರೇ ಮುಂದಿನವರ ದುಡ್ಡು ಉಳಿಸುತ್ತದೆ.