ಹಸಿರು ದೀಪ ನಂಬಿ ಕೆಟ್ಟ ಶಂಕರಾಭರಣ

ರಾಮೋತ್ಸವದ ಕಛೇರಿಯ ರೆಕಾರ್ಡಿಂಗ್ ಕೆಟ್ಟದ್ದು ನನ್ನ ಮೈಕಿನಿಂದಲ್ಲ. ಸಭೆಯ ಕಾರ್ಯದರ್ಶಿಗಳಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಕಛೇರಿ ರೆಕಾರ್ಡ್ ಮಾಡಲು ಹೊರಟಿರುವ ಹುಡುಗರಿಗೂ ಉಪಯೋಗಕ್ಕೆ ಬಂದರೆ ಬರಲಿ.

ವೇದಿಕೆಯ ಮೇಲೆ ಎರಡು ಜೊತೆ ಮೈಕ್ ಕೂಡದು, ಫೋಟೋದಲ್ಲಿ ಗಾಯಕರ ಮುಖ ಕಾಣುವುದಿಲ್ಲ ಎಂದು ಕಾರ್ಯದರ್ಶಿಗಳ ಕಟ್ಟಪ್ಪಣೆ. ಆಗಲಿ, ಇರುವ ಮೈಕುಗಳಿಂದಲೇ ಸ್ಪ್ಲಿಟರ್ ಹಾಕಿ ಮೂರು ಕವಲು ತೆಗೆಯೋಣ, ಹಾಲಿನ ಸ್ಪೀಕರಿಗೊಂದು, ವಿಡಿಯೊದವರಿಗೊಂದು, ನನಗೊಂದು ಎಂದೆ. ‘ಮೂರನೇದಕ್ಕೆ ಯಾಕೆ ಬಾಡಿಗೆ? ವಿಡಿಯೊದವರ ಬಾಕ್ಸು ಡಿಜಿಟಲ್ಲಂತೆ, ಅದರಿಂದಲೇ ತಗೊಳ್ಳಿ’ ಎಂದರು. ಅಲ್ಲಿಗೆ ನನ್ನ ರೆಕಾರ್ಡಿಂಗ್ ಇನ್ನೊಬ್ಬರ ಪೆಟ್ಟಿಗೆಯ ಕೈಗೆ ಹೋಯಿತು.

ಡಿಜಿಟಲ್ ಪೆಟ್ಟಿಗೆ ಎಂದರೆ ಸೆಕೆಂಡಿಗೆ 48,000 ಸಲ ದನಿಯ ಅಳತೆ ತೆಗೆಯುವ ಯಂತ್ರ. ಯಾವಾಗ ತೆಗೆಯಬೇಕೆಂದು ಹೇಳುವುದು ಒಳಗಿರುವ ಸ್ಫಟಿಕದ ಕ್ಲಾಕ್. ಎರಡು ಪೆಟ್ಟಿಗೆಯ ಮೇಲೂ 48,000 ಎಂದೇ ಬರೆದಿರುತ್ತದೆ, ಆದರೆ ಯಾವ ಎರಡು ಸ್ಫಟಿಕವೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಬರೀ ಐದರಷ್ಟು ವ್ಯತ್ಯಾಸವಿದ್ದರೂ ನಾಲ್ಕು ಸೆಕೆಂಡಿಗೊಂದು ಸ್ಯಾಂಪಲ್, ಎಂದರೆ ಒಂದು ಅಳತೆ, ಹೆಚ್ಚು ಇಲ್ಲವೇ ಕಡಿಮೆ. ಗಾರೆ ಕೆಲಸದಲ್ಲಿ ಒಬ್ಬ ಇಟ್ಟಿಗೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ; ಎಸೆಯುವವನು ಕೂದಲೆಳೆಯಷ್ಟು ಚುರುಕಾದರೂ ಯಾವುದೋ ಒಂದು ಇಟ್ಟಿಗೆ ನೆಲಕ್ಕೆ ಬೀಳಲೇಬೇಕು. ಅದಕ್ಕೇ ಒಂದು ಪೆಟ್ಟಿಗೆಯನ್ನು ಮಾಸ್ಟರ್ ಮಾಡಿ, ಅದರ ವರ್ಡ್ ಕ್ಲಾಕನ್ನು ಬಿಎನ್‌ಸಿ ಕೇಬಲ್ಲಿನಲ್ಲಿ ಉಳಿದವಕ್ಕೆ ಕೊಡುವುದು. ಆ ದಿನ ಮಾಸ್ಟರ್ ನನ್ನ ಕಂಪ್ಯೂಟರಿನ ಸೌಂಡ್ ಕಾರ್ಡ್. ವಿಡಿಯೊದವರ ಬಾಕ್ಸ್ ನನ್ನ ಕ್ಲಾಕಿನಂತೆ ನಡೆದು, ದನಿಯನ್ನು ಡಿಜಿಟಲ್ ರೂಪದಲ್ಲಿ ವಾಪಸ್ ಕಳಿಸಬೇಕು.

ಮಧ್ಯಾಹ್ನವೇ ಒಂದು ರಗಳೆಯಾಗಿತ್ತು. ಅವರ ಬಾಕ್ಸ್ ಕ್ಲಾಕ್ ಹಿಡಿದುಕೊಳ್ಳುತ್ತದೆ, ಬಿಡುತ್ತದೆ. ಅವರ ಹುಡುಗ ತಂದ ಕೇಬಲ್ಲಿನ ಮೈಮೇಲೆ ಆರ್‌ಜಿ-58 ಎಂದು ಅಚ್ಚಾಗಿತ್ತು. ಅದು 50 ಓಮ್‌ನದು, ವರ್ಡ್ ಕ್ಲಾಕಿಗೆ ಬೇಕಾದ್ದು 75 ಓಮ್‌ನ ಆರ್‌ಜಿ-59. ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಎರಡೂ ಒಂದೇ ಸಾರ್ ಎಂದು ಕೊಡುತ್ತಾರೆ, ನೋಡಲೂ ಕಪ್ಪಗೆ ಒಂದೇ ಥರ. ನನ್ನ ಕೇಬಲ್ ಎಳೆದು, ತುದಿಗೆ 75 ಓಮ್ ಟರ್ಮಿನೇಟರ್ ಹಾಕಿದ ಮೇಲೆ ನೆಟ್ಟಗಾಯಿತು.

ಸಂಜೆ, ಪ್ರಧಾನ ರಾಗ ಎತ್ತಿಕೊಳ್ಳುವ ಮುಂಚೆ ಕರೆಂಟ್ ಹೋಯಿತು. ನನ್ನ ಮೇಜು ಯುಪಿಎಸ್ ಮೇಲಿತ್ತು. ಅವರ ಬಾಕ್ಸ್ ಆರಿ, ಜನರೇಟರ್ ಬಂದ ಮೇಲೆ ಮತ್ತೆ ಹೊತ್ತಿಕೊಂಡಿತು. ವಾಕಿಟಾಕಿಯಲ್ಲಿ ಅವರ ಹುಡುಗನನ್ನು ಕೇಳಿದೆ: ‘ಕ್ಲಾಕ್ ಎಕ್ಸ್‌ಟರ್ನಲ್ ಇದೆಯೇನಪ್ಪಾ?’ ‘ಗ್ರೀನ್ ಇದೆ ಸಾರ್’ ಎಂದ. ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ಇನ್ನೊಮ್ಮೆ ಕೇಳುವಷ್ಟರಲ್ಲಿ ಅವನು ಕಾಫಿಗೆ ಹೋಗಿದ್ದ.

ಗಾಯಕರು ಶಂಕರಾಭರಣ ಹಿಡಿದರು. ಆಹಾ, ಅಂಥ ಶಂಕರಾಭರಣ ನಾನು ಹೆಚ್ಚು ಕೇಳಿಲ್ಲ. ಮೆಲ್ಲಗೆ ಏರುತ್ತಾ ತಾರಷಡ್ಜಕ್ಕೆ ಬಂದು ನಿಂತರು. ಕಾರ್ವೆ, ಹಿಂದೆ ತಂಬೂರಿ, ಬೇರೇನೂ ಇಲ್ಲ. ಆಗ ಹೆಡ್‌ಫೋನಿನಲ್ಲಿ ‘ಟಕ್’. ಮೃದಂಗದವರ ಉಂಗುರ ತಗುಲಿರಬೇಕೆಂದು ನೋಡಿದೆ. ಅವರು ಕೈಕಟ್ಟಿ ಕಣ್ಣುಮುಚ್ಚಿ ಕೂತಿದ್ದರು. ಮತ್ತೆ ‘ಟಕ್’. ಒಂದೊಂದೇ ಚಾನೆಲ್ ಮುಚ್ಚಿ ನೋಡಿದೆ, ಎಲ್ಲದರಲ್ಲೂ ಇದೆ. ಅಂದರೆ ಮೈಕ್ ಅಲ್ಲ, ವಯರ್ ಅಲ್ಲ. ತೊಡೆಯ ಮೇಲೆ ಬೆರಳೆಣಿಸಿದೆ. ನಾಲ್ಕು ಸೆಕೆಂಡಿಗೊಂದು, ತಪ್ಪದೆ. ಬೆನ್ನಲ್ಲಿ ಬೆವರಿಳಿಯಿತು. ನನ್ನ ಕಾರ್ಡಿನಲ್ಲೂ ಹಸಿರು ದೀಪ ನಿಶ್ಚಿಂತೆಯಿಂದ ಉರಿಯುತ್ತಿದೆ! ಡೇಟಾ ಬರುತ್ತಿದೆ, ಓದಲು ಸಿಗುತ್ತಿದೆ ಎಂಬುದಷ್ಟೇ ಆ ಹಸಿರಿನ ಅರ್ಥ. ಬರುತ್ತಿರುವುದು ಯಾರ ಕ್ಲಾಕಿನಲ್ಲಿ ಎಂದು ಅದು ಹೇಳುವುದಿಲ್ಲ. ಹುಡುಗ ಸೆಟ್ಟಿಂಗ್ ಸೇವ್ ಮಾಡಿರಲಿಲ್ಲ. ಬಾಕ್ಸ್ ತನ್ನ ಸ್ವಂತ ಕ್ಲಾಕಿಗೆ ಮರಳಿತ್ತು.

ನನ್ನ ಕಾರ್ಡನ್ನೇ ಅವರ ಕ್ಲಾಕಿಗೆ ಒಗ್ಗಿಸಬಹುದಿತ್ತು, ಮೌಸಿನ ಒಂದು ಕ್ಲಿಕ್. ಆದರೆ ಆ ಕ್ಷಣ ರೆಕಾರ್ಡಿಂಗ್ ಒಂದೆರಡು ಸೆಕೆಂಡ್ ಕಡಿದುಹೋಗುತ್ತದೆ. ಕೂಡಲೇ ಒತ್ತಬೇಕಿತ್ತು ಎಂದು ಈಗ ಬುದ್ಧಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ಟಕ್’ ಅನ್ನು ಆಮೇಲೆ ತಿದ್ದಬಹುದು, ಕಡಿದುಹೋದ ಸಂಗತಿಯನ್ನು ಯಾರು ತಂದುಕೊಡುತ್ತಾರೆ? ಆಲಾಪನೆ ಮುಗಿಯುವವರೆಗೆ ಹಲ್ಲು ಕಚ್ಚಿ ಕೂತಿದ್ದು, ಚಪ್ಪಾಳೆಯಲ್ಲಿ ಬದಲಿಸಿದೆ. ಪಿಟೀಲಿನವರ ಸರದಿಯಿಂದ ಮುಂದಕ್ಕೆ ಶುದ್ಧವಾಗಿದೆ, ಬೇಕಾದವರು ಬಂದು ಕೇಳಬಹುದು.

ಹಾಲಿನ ಸ್ಪೀಕರಿಗೆ ಬೇರೆ ಕವಲು ಹೋಗಿದ್ದರಿಂದ ಸಭಿಕರಿಗೆ ಏನೂ ಕೇಳಿಸಿರಲಿಲ್ಲ. ಹಾಗಾಗಿ ನನ್ನ ಮಾತನ್ನು ನಂಬುವವರೇ ಇಲ್ಲ. ತಂಬೂರಿಯ ಜೀವಾಳಿ ಸಡಿಲವಾಗಿತ್ತು ಎಂದು ಒಬ್ಬರು, ಮೈಕ್ ಹಳೇದು ಎಂದು ಕಾರ್ಯದರ್ಶಿಗಳು. ಬಿಲ್ಲಿನಲ್ಲಿ ಅರ್ಧ ಕತ್ತರಿಸಿದರು. ಮನೆಯಲ್ಲಿ ಕೂತು ಅಲೆಯನ್ನು ಹಿಗ್ಗಿಸಿ ನೋಡಿದರೆ, ನುಣುಪಾದ ಗೆರೆಯಲ್ಲಿ ಒಂದು ಸಣ್ಣ ಮೆಟ್ಟಿಲು. ಸೆಕೆಂಡಿನ 48,000ದ ಒಂದು ಭಾಗ. ಒಂದೊಂದನ್ನೂ ಪೆನ್ಸಿಲ್ ಟೂಲಿನಲ್ಲಿ ಕೈಯಾರೆ ತೀಡಿದ್ದೇನೆ. ಆದರೂ ಕಾರ್ವೆಗಳಲ್ಲಿ ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಹುಡುಗರಿಗೆ ಹೇಳುವುದಿಷ್ಟು. ಮಾಸ್ಟರ್ ಒಂದೇ ಇರಲಿ, ಯಾವುದೆಂದು ಟೇಪಿನ ಮೇಲೆ ಬರೆದು ಪೆಟ್ಟಿಗೆಗೆ ಅಂಟಿಸಿ. ಕಛೇರಿಗೆ ಮುಂಚೆ ಪ್ರತಿ ಪೆಟ್ಟಿಗೆಯ ಪ್ಲಗ್ ಕಿತ್ತು ಮತ್ತೆ ಹಾಕಿ, ಯಾವ ಕ್ಲಾಕಿನಲ್ಲಿ ಎದ್ದಿತು ಎಂದು ಮೆನುವಿನಲ್ಲಿ ಕಣ್ಣಾರೆ ನೋಡಿ. ಟರ್ಮಿನೇಟರ್ ಸರಪಳಿಯ ಕೊನೆಯ ಪೆಟ್ಟಿಗೆಗೆ ಮಾತ್ರ. ಕೆಲವಕ್ಕೆ ಹಿಂದೆ ಟರ್ಮಿನೇಷನ್ ಸ್ವಿಚ್ ಇರುತ್ತದೆ, ಎರಡೂ ಸೇರಿಬಿಟ್ಟರೆ ಸಿಗ್ನಲ್ ಸೊರಗುತ್ತದೆ. ಪರರ ಪೆಟ್ಟಿಗೆಯಿಂದ ಡಿಜಿಟಲ್ ತೆಗೆದುಕೊಳ್ಳಲೇಬೇಕಾದರೆ ಸ್ಯಾಂಪಲ್ ರೇಟ್ ಕನ್ವರ್ಟರ್ ಇರುವ ಇನ್‌ಪುಟ್ಟಿಗೇ ಕೊಡಿ, ಕ್ಲಾಕ್ ಬೇರೆಯಾದರೂ ಅದು ಸರಿದೂಗಿಸಿಕೊಳ್ಳುತ್ತದೆ.

ಇನ್ನು ಸಭೆಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಹೂವಿನ ಅಲಂಕಾರಕ್ಕೆ ಆಗುವ ಖರ್ಚಿನ ಮುಂದೆ ಸ್ಪ್ಲಿಟರಿನ ಮೂರನೇ ಕವಲಿನ ಬಾಡಿಗೆ ಏನೇನೂ ಅಲ್ಲ. ದಯವಿಟ್ಟು ಕೊಡಿ.