ಈ ಭಾಗ ಕೈಕೊಟ್ಟರೆ ನೀನೆಲ್ಲಿರುತ್ತೀಯ?

ಚಿಕ್ಕಮಗಳೂರು

ಚಿ. ಸೋದರಳಿಯನಿಗೆ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಫೋನಿಟ್ಟುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. 2014ರ ಆಲ್ಟೊ 800 ಕೊಂಡು ತಿಂಗಳಾಗಿಲ್ಲ, ಆಗಲೇ ಮುಂದಿನ ಬ್ರೇಕು ಕಿರುಗುಟ್ಟುತ್ತಿದೆ, ಕ್ಲಚ್ಚು ತೀರಾ ಮೇಲೆ ಹಿಡಿಯುತ್ತಿದೆ, ಒಂದು ಹೆಡ್‌ಲೈಟು ಮಂಕಾಗಿದೆ ಎಂದೆ. ಶೋರೂಮಿನವರು ಒಂದು ರೇಟು ಹೇಳಿದರು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಅದರ ಮುಕ್ಕಾಲು. ಮನೆ ಪಕ್ಕದ ಗ್ಯಾರೇಜಿನಲ್ಲಿ ಅರ್ಧಕ್ಕಿಂತ ಕಡಿಮೆ. "ಮಾವ, ಒರಿಜಿನಲ್ಲೇ ಹಾಕಿಸ್ಲಾ, ಹೊರಗಿಂದು ಸಾಕಾ?" ಎಂದು ಕೇಳಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ ಎಷ್ಟೋ ಹುಡುಗ ಹುಡುಗಿಯರು ಇದೇ ಪ್ರಶ್ನೆ ಹಿಡಿದು ಕೂತಿರುತ್ತಾರೆ. ಹಾಗಾಗಿ ಅವರೂ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಉತ್ತರಕ್ಕೆ ಮುಂಚೆ, ನಿನ್ನಮ್ಮನಿಗೂ ಇವತ್ತಿನವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ.

ನಿನಗಾಗ ಎರಡು ವರ್ಷ. ನಿನ್ನ ಮುಡಿ ಕೊಡಲು ಧರ್ಮಸ್ಥಳಕ್ಕೆ ಹೊರಟಿದ್ದೆವು. ನನ್ನ ಹಳೆ ಮಾರುತಿ 800ರ ಮುಂದಿನ ಸೀಟಿನಲ್ಲಿ ನಿನ್ನಮ್ಮ, ಅವಳ ಮಡಿಲಲ್ಲಿ ನೀನು. ಹೊರಡುವ ವಾರದ ಹಿಂದೆ ನಾನೇ ಬ್ರೇಕ್ ಪ್ಯಾಡ್ ಬದಲಿಸಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಸಿಕ್ಕಿದ ಮಾಲು. ಮೇಲೆ ಹೆಸರಿಲ್ಲ, ನಂಬರಿಲ್ಲ. ಕೆಲವು ನೂರು ರೂಪಾಯಿ ಉಳಿದಿತ್ತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಒಂದಷ್ಟು ತಿರುವು ಕಳೆದ ಮೇಲೆ ಸುಟ್ಟ ವಾಸನೆ ಬಂತು. ಅಣ್ಣಪ್ಪಸ್ವಾಮಿ ಗುಡಿ ಇನ್ನೂ ಸಿಕ್ಕಿರಲಿಲ್ಲ. ಪೆಡಲು ಕಾಲಿಗೆ ಗಟ್ಟಿಯಾಗಿಯೇ ಇತ್ತು, ಗಾಡಿ ಮಾತ್ರ ಹಿಡಿತಕ್ಕೆ ಬರುತ್ತಿರಲಿಲ್ಲ. ಗೇರನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆಯುತ್ತ, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಆಚೆ ಬದಿ ಕಣಿವೆ. "ಎಂಜಿನ್ ಬಿಸಿಯಾಗಿದೆ, ಸ್ವಲ್ಪ ಹೊತ್ತು ಇರಲಿ" ಎಂದೆ ನಿನ್ನಮ್ಮನಿಗೆ. ಅವಳು ನಿನಗೆ ಕೋಡುಬಳೆ ಮುರಿದು ತಿನ್ನಿಸುತ್ತ ಕೂತಳು.

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದಿನವೂ ಬ್ರೇಕು ಬಿಚ್ಚಿ ಕಟ್ಟುತ್ತಿದ್ದವನು ನಾನು. ನನಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಘಾಟಿಯಲ್ಲಿ ಪ್ಯಾಡು ಕಾಯುತ್ತದೆ. ಅದರ ಉಜ್ಜುವ ಪದರ ಒಳ್ಳೆಯದಾದರೆ ಆ ಕಾವಿನಲ್ಲೂ ಹಿಡಿಯುತ್ತದೆ, ಕೆಟ್ಟದ್ದಾದರೆ ಗಾಜಿನ ಹಾಗೆ ನುಣ್ಣಗಾಗಿ ಜಾರುತ್ತದೆ. ಊರೊಳಗೆ ಓಡಿಸುವಾಗ ಇದು ತಿಳಿಯುವುದೇ ಇಲ್ಲ. ಇಳಿಜಾರಿನಲ್ಲಿ ಮಾತ್ರ ತಿಳಿಯುತ್ತದೆ.

ಅವತ್ತಿನಿಂದ ಯಾವ ಬಿಡಿಭಾಗ ಕೈಗೆ ಬಂದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಕೈಕೊಟ್ಟರೆ ನಾನು ಎಲ್ಲಿರುತ್ತೇನೆ? ಮನೆ ಮುಂದೆಯೋ, ಗ್ಯಾರೇಜಿನ ಬಾಗಿಲಲ್ಲೋ, ನಡುರಾತ್ರಿ ಹೆದ್ದಾರಿಯಲ್ಲೋ, ಕಣಿವೆಯ ಅಂಚಿನಲ್ಲೋ? ಎಷ್ಟು ಖರ್ಚು ಮಾಡಬೇಕು ಎನ್ನುವುದನ್ನು ಆ ಉತ್ತರವೇ ಹೇಳುತ್ತದೆ. ಒರಿಜಿನಲ್ಲೋ ಹೊರಗಿನದೋ ಎಂಬುದು ಅದರ ನಂತರದ ಮಾತು.

ಈ "ಒರಿಜಿನಲ್" ಎಂಬ ಪದವನ್ನೂ ಸ್ವಲ್ಪ ಬಿಚ್ಚಿ ನೋಡಬೇಕು. ಕಾರಿನ ಕಂಪನಿ ಕಾರಿನ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ. ಪ್ಲಗ್ಗು, ಬೇರಿಂಗು, ಬ್ರೇಕು, ಕ್ಲಚ್ಚು, ಬಲ್ಬು, ಬ್ಯಾಟರಿ ಎಲ್ಲಕ್ಕೂ ಬೇರೆ ಬೇರೆ ತಯಾರಕರಿದ್ದಾರೆ. ನಮ್ಮ ಬೆಂಗಳೂರಿನ ಮೈಕೋವನ್ನೇ ತಗೋ. 1951ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿಯ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ದೇಶದ ಎಷ್ಟೋ ಗಾಡಿಗಳ ಒಳಗೆ ಕೂತವು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು, ಆದರೂ ಅಡುಗೋಡಿಯ ಕಡೆ ಜನ ಈಗಲೂ ಮೈಕೋ ಎಂದೇ ಅನ್ನುತ್ತಾರೆ. ಮದ್ರಾಸಿನಲ್ಲಿ 1962ರಲ್ಲಿ ಹುಟ್ಟಿದ ಬ್ರೇಕ್ಸ್ ಇಂಡಿಯಾ, 1964ರ ರಾಣೆ ಬ್ರೇಕ್ ಲೈನಿಂಗ್ ಇವೂ ಅಂಥವೇ. ಇಂಥ ತಯಾರಕರ ಮಾಲು ಎರಡು ದಾರಿಯಲ್ಲಿ ಬರುತ್ತದೆ. ಕಾರಿನ ಕಂಪನಿಯ ಡಬ್ಬಿಯಲ್ಲಿ ಕೂತು ಶೋರೂಮಿಗೆ ಹೋಗುವುದು ಒಂದು. ತಯಾರಕರದ್ದೇ ಡಬ್ಬಿಯಲ್ಲಿ ಜೆ.ಸಿ. ರಸ್ತೆಗೆ ಬರುವುದು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಅಗ್ಗ. ಅದನ್ನು ಕೊಂಡರೆ ಗಾಡಿಗೆ ಮೋಸವೇನೂ ಆಗುವುದಿಲ್ಲ. ಆದರೆ ಅದೇ ತಯಾರಕರು ಹೊರಗಿನ ಮಾರುಕಟ್ಟೆಗೆಂದು ಬೇರೆ ದರ್ಜೆಯ ಮಾಲನ್ನೂ ಮಾಡಿರಬಹುದು. ಹಾಗಾಗಿ ಹೆಸರು ನೋಡಿದರೆ ಸಾಲದು, ನಿನ್ನ ಗಾಡಿಯ ಮಾಡೆಲಿಗೆ ಕೊಟ್ಟ ನಂಬರು ಅದರ ಮೇಲಿದೆಯೇ ಎಂದೂ ನೋಡಬೇಕು.

ಇನ್ನೊಂದು ಗೊಂದಲ. ಗ್ಯಾರೇಜುಗಳಲ್ಲಿ "ಲೋಕಲ್" ಮತ್ತು "ಡುಪ್ಲಿಕೇಟ್" ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎರಡೂ ಒಂದಲ್ಲ. ಲೋಕಲ್ ಮಾಲು ತನ್ನದೇ ಹೆಸರು ಬರೆದುಕೊಂಡು ಬರುತ್ತದೆ. ಚೆನ್ನಾಗಿರಬಹುದು, ಇಲ್ಲದಿರಬಹುದು, ಯಾರನ್ನು ಕೇಳಬೇಕು ಎನ್ನುವುದಾದರೂ ಗೊತ್ತಿರುತ್ತದೆ. ಡುಪ್ಲಿಕೇಟು ಇನ್ನೊಬ್ಬರ ಹೆಸರು ಕದ್ದು ಬರುತ್ತದೆ. ಹೆಸರಲ್ಲೇ ಸುಳ್ಳು ಹೇಳಿದವನು ಒಳಗಿನ ಉಕ್ಕಿನಲ್ಲಿ, ರಬ್ಬರಿನಲ್ಲಿ ಸತ್ಯ ಇಟ್ಟಿರುತ್ತಾನೆಯೇ? ಲೋಕಲ್ ಮಾಲನ್ನು ಜಾಗ ನೋಡಿ ಬಳಸು. ಡುಪ್ಲಿಕೇಟನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡ.

ಈಗ ನಿನ್ನ ಆಲ್ಟೊಗೆ ಬರೋಣ. ಕೈಕೊಟ್ಟರೆ ಜೀವಕ್ಕೆ ಬರುವ ಭಾಗಗಳು ಮೊದಲು: ಬ್ರೇಕು, ಸ್ಟೀರಿಂಗಿನ ಟೈ ರಾಡ್, ಕೆಳಗಿನ ಬಾಲ್ ಜಾಯಿಂಟ್, ಚಕ್ರದ ಬೇರಿಂಗ್, ಟೈರು, ಸೀಟ್ ಬೆಲ್ಟ್. ಇವಕ್ಕೆ ಕಂಪನಿಯ ಡಬ್ಬಿ, ಇಲ್ಲವೇ ಕಂಪನಿಗೇ ಮಾಲು ಕೊಡುವ ತಯಾರಕರ ಡಬ್ಬಿ. ಮೂರನೆಯ ದಾರಿ ಇಲ್ಲ. ಪ್ಯಾಡು ಬದಲಿಸುವಾಗ ಡಿಸ್ಕನ್ನೂ ನೋಡಿಸು. ಗೆರೆ ಬಿದ್ದು ತೆಳ್ಳಗಾದ ಡಿಸ್ಕಿನ ಮೇಲೆ ಒಳ್ಳೆಯ ಪ್ಯಾಡು ಹಾಕಿಯೂ ಫಲವಿಲ್ಲ. ಬ್ರೇಕ್ ಎಣ್ಣೆಯನ್ನೂ ಬದಲಿಸು. ಅದು ಗಾಳಿಯ ತೇವ ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 3 ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಟ್ಟ 140ರ ಹತ್ತಿರಕ್ಕೆ ಇಳಿಯಬಹುದು. ಎಣ್ಣೆ ಕುದಿದು ಒಳಗೆ ಗುಳ್ಳೆ ಎದ್ದರೆ ಪೆಡಲು ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಹಳೆ ಗಾಡಿಯಲ್ಲಿ ಹಿಂದಿನವರು ಅದನ್ನು ಯಾವಾಗ ಬದಲಿಸಿದರೋ ಯಾರಿಗೂ ನೆನಪಿರುವುದಿಲ್ಲ. ಟೈರು ಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿ ಓದು: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಆಳವಾಗಿದ್ದರೂ ರಬ್ಬರು ಹಳತಾಗಿರಬಹುದು.

ಎರಡನೆಯವು ಎಂಜಿನ್ನನ್ನು ಕಾಯುವ ಭಾಗಗಳು. ಆಲ್ಟೊ 800ರಲ್ಲಿ ಟೈಮಿಂಗ್‌ಗೆ ಚೈನ್ ಇಲ್ಲ, ಬೆಲ್ಟ್ ಇದೆ. ಅದು ತುಂಡಾದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗಿ, ಬೆಲ್ಟಿನ ಬೆಲೆಯ ಎಷ್ಟೋ ಪಟ್ಟು ಕಳೆದುಕೊಳ್ಳಬೇಕಾಗುತ್ತದೆ. ಹಿಂದಿನವರು ಬದಲಿಸಿದ್ದಕ್ಕೆ ಬಿಲ್ಲು ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ಬೆಲ್ಟನ್ನೂ ಅದರ ಟೆನ್ಷನರನ್ನೂ ಜೊತೆಯಲ್ಲೇ ಹಾಕಿಸು. ಆಯಿಲ್ ಫಿಲ್ಟರು ಹೊರಗಿನಿಂದ ನೋಡಲು ಬರೀ ತಗಡಿನ ಡಬ್ಬಿ. ಒಳ್ಳೆಯದರ ಒಳಗೆ, ನಿಂತ ಗಾಡಿಯಲ್ಲಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ವಾಲ್ವು ಇರುತ್ತದೆ. ನಕಲಿಯಲ್ಲಿ ಅದು ಇಲ್ಲದಿರಬಹುದು, ಇದ್ದರೂ ಬೇಗ ಸೆಟೆದುಹೋಗುತ್ತದೆ. ಆಗ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಎಂಜಿನ್ನು ಎಣ್ಣೆಯಿಲ್ಲದೆ ಉಜ್ಜುತ್ತದೆ.

ಮೂರನೆಯದು ನಿನ್ನನ್ನು ದಾರಿಯಲ್ಲಿ ನಿಲ್ಲಿಸುವ ಭಾಗಗಳು: ಕ್ಲಚ್ಚು, ಬ್ಯಾಟರಿ, ರೇಡಿಯೇಟರಿನ ಪೈಪು. ಇಲ್ಲಿ ಹೆಸರಿರುವ ತಯಾರಕರ ಡಬ್ಬಿ ಸಾಕು. ಕ್ಲಚ್ಚಿಗೆ ಬಿಡಿಭಾಗಕ್ಕಿಂತ ಬಿಚ್ಚಿ ಕೂರಿಸುವ ಕೆಲಸ ದೊಡ್ಡದು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟು ಮಾತ್ರ ಬದಲಿಸಿ, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಹಳೆಯವೇ ಇರಲಿ ಎನ್ನಬೇಡ. ಆರು ತಿಂಗಳಿಗೆ ಅದೇ ಕೂಲಿ ಮತ್ತೊಮ್ಮೆ ತೆರಬೇಕಾದೀತು.

ಉಳಿದವು ನೋಟದವು: ಬಂಪರು, ಕನ್ನಡಿಯ ಕವಚ, ಬಾಗಿಲ ಹಿಡಿ, ಮ್ಯಾಟು, ಚಕ್ರದ ಕ್ಯಾಪು. ಇಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು. ಲೋಕಲ್ ಹಾಕು, ಇಲ್ಲವೇ ಶಿವಾಜಿನಗರದ ಗುಜರಿಯಲ್ಲಿ ಹುಡುಕು. ಗುಜರಿಯ ಒರಿಜಿನಲ್ ಬಾಗಿಲು ಎಷ್ಟೋ ಸಲ ಹೊಸ ಲೋಕಲ್ ಬಾಗಿಲಿಗಿಂತ ಚೆನ್ನಾಗಿ ಕೂರುತ್ತದೆ. ಆದರೆ ರಬ್ಬರು, ಬೇರಿಂಗು, ಬ್ರೇಕು, ಸೀಟ್ ಬೆಲ್ಟು, ಏರ್‌ಬ್ಯಾಗು ಯಾವತ್ತೂ ಗುಜರಿಯಿಂದ ಬೇಡ. ಅವು ಯಾವ ಅಪಘಾತ ಕಂಡು ಬಂದಿವೆಯೋ ಗೊತ್ತಾಗುವುದಿಲ್ಲ.

ಹೆಡ್‌ಲೈಟಿನ ಬಗ್ಗೆ ಬೇರೆಯೇ ಹೇಳಬೇಕು. ನಿನ್ನ ಗಾಡಿಯ ಬಲ್ಬು 60/55 ವಾಟಿನದು. "100/90 ಹಾಕ್ಸಿ ಸಾರ್, ಹಗಲಿನಂಗೆ ಕಾಣುತ್ತೆ" ಎನ್ನುವವರ ಮಾತು ಕೇಳಬೇಡ. ಅಷ್ಟು ಕರೆಂಟಿಗೆ ಆ ವೈರು ಮಾಡಿದ್ದಲ್ಲ. ಹೋಲ್ಡರು ಕರಗುತ್ತದೆ, ರಿಫ್ಲೆಕ್ಟರು ಸುಡುತ್ತದೆ, ಎದುರಿನವನ ಕಣ್ಣು ಕತ್ತಲೆಯಾಗುತ್ತದೆ. ಮೊದಲು ಲೆನ್ಸನ್ನು ಉಜ್ಜಿಸು, ವೈರಿನ ಜೋಡಣೆ ನೋಡಿಸು. ಮಂಕಿಗೆ ಬಹುಪಾಲು ಅವೇ ಕಾರಣ.

ಕೊಳ್ಳಲು ಹೋಗುವಾಗ ಆರ್.ಸಿ. ಜೊತೆಗಿರಲಿ. ಅದರಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರು ಹೇಳಿದರೆ ಸರಿಯಾದ ಪಾರ್ಟ್ ನಂಬರು ಸಿಗುತ್ತದೆ. "ಆಲ್ಟೊದು ಕೊಡಿ" ಎಂದರೆ ಅಂಗಡಿಯವರ ಊಹೆ ಸಿಗುತ್ತದೆ. ಡಬ್ಬಿಯ ಮೇಲಿನ ನಂಬರೂ ಭಾಗದ ಮೇಲಿನ ನಂಬರೂ ಹೊಂದಬೇಕು. ಎಂ.ಆರ್.ಪಿ., ಪ್ಯಾಕ್ ಮಾಡಿದ ತಿಂಗಳು ನೋಡು. ಅಕ್ಷರದ ಅಚ್ಚು ಮಸುಕಾಗಿದ್ದರೆ, ಎರಕದ ಅಂಚು ಒರಟಾಗಿದ್ದರೆ ಹಿಂದಿರುಗಿಸು. ಹಳೆಯ ಭಾಗವನ್ನು ಪಕ್ಕದಲ್ಲಿಟ್ಟು ತೂಕ, ಅಳತೆ ಹೋಲಿಸು. ಮತ್ತೆ ಬಿಲ್ಲು ಕೇಳು. 2025ರ ಸೆಪ್ಟೆಂಬರ್ 22ರಿಂದ ಗಾಡಿಯ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ 18. ಅದಕ್ಕೆ ಮುಂಚೆ ಹಲವಕ್ಕೆ ಶೇ 28 ಇತ್ತು. "ಬಿಲ್ ಬೇಡ ಅಂದ್ರೆ ಅಷ್ಟು ಉಳಿಯುತ್ತೆ" ಎಂಬ ಮಾತು ಕೇಳಿಬರುತ್ತದೆ. ಆ ಉಳಿತಾಯದ ಜೊತೆ ನಾಳೆ ಪ್ರಶ್ನಿಸುವ ಹಕ್ಕನ್ನೂ ಬಿಟ್ಟುಕೊಟ್ಟ ಹಾಗೆ. ಬಿಲ್ಲಿದ್ದರೆ ವಾರಂಟಿ ಕೇಳಬಹುದು, ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಗ್ಯಾರೇಜಿನಲ್ಲಿ ಬಿಚ್ಚಿದ ಹಳೆ ಭಾಗವನ್ನು ಕೇಳಿ ತಗೋ. ನಮ್ಮ ಡಿಪೋದಲ್ಲಿ ಹಳೆಯದನ್ನು ಸ್ಟೋರಿಗೆ ಒಪ್ಪಿಸದೆ ಹೊಸದು ಕೈಗೆ ಬರುತ್ತಿರಲಿಲ್ಲ. ಆ ಒಂದು ಶಿಸ್ತಿನಿಂದಲೇ ನಿಜವಾಗಿ ಬದಲಾಯಿತೇ, ಬದಲಾಗಬೇಕಿತ್ತೇ ಎನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕೇಳಿದರೆ ಒಳ್ಳೆಯ ಮೆಕ್ಯಾನಿಕ್ಕಿಗೆ ಬೇಸರವಾಗುವುದಿಲ್ಲ. ಸವೆದ ಜಾಗ ಬೆರಳಿಟ್ಟು ತೋರಿಸುತ್ತಾನೆ. ಅಂಥವನು ಸಿಕ್ಕರೆ ಕೂಲಿಗೆ ಚೌಕಾಸಿ ಮಾಡಬೇಡ. ಒಳ್ಳೆಯ ಭಾಗವನ್ನು ತಪ್ಪಾಗಿ ಕೂರಿಸಿದರೆ ಅದೂ ಡುಪ್ಲಿಕೇಟಿನಷ್ಟೇ ಬೇಗ ಹೋಗುತ್ತದೆ.

"ಶೋರೂಮ್ ಬಿಟ್ಟು ಹೊರಗೆ ಹೋದರೆ ಮುಗೀತು" ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಟ್ಟುಕೋ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೂ ಗ್ಯಾರೇಜುಗಳಿಗೂ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ವಿಷಯ ಮುಂದೆ ಮೇಲ್ಮನವಿಗಳಿಗೆ ಹೋಯಿತು. ಆದರೂ ಹೊರಗಿನ ಗ್ಯಾರೇಜಿಗೆ ಹೋಗುವುದು ತಪ್ಪಲ್ಲ, ಅದು ನಮ್ಮ ಆಯ್ಕೆ ಎಂಬುದನ್ನು ಆ ಆದೇಶ ಸ್ಪಷ್ಟವಾಗಿ ಹೇಳಿತು. ಆಯ್ಕೆ ನಮ್ಮದಾದ ಮೇಲೆ ನೋಡಿ ಕೊಳ್ಳುವ ಹೊಣೆಯೂ ನಮ್ಮದೇ.

ಕೊನೆಯದಾಗಿ, ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಲು ಹೋಗಬೇಡ. ಹಳೆ ಗಾಡಿ ಎಂದರೆ ಹಿಂದಿನವರು ಎಲ್ಲೆಲ್ಲಿ ಕೈ ಬಿಚ್ಚಿದರು, ಎಲ್ಲೆಲ್ಲಿ ಹಿಡಿದರು ಎಂಬುದರ ಲೆಕ್ಕ. ಒಂದು ನೋಟ್‌ಬುಕ್ ಇಡು. ಏನು ಬದಲಾಯಿತು, ಯಾವ ನಂಬರು, ಎಷ್ಟು ಕಿಲೋಮೀಟರಿಗೆ ಎಂದು ಬರೆ. ಈ ತಿಂಗಳ ಸಂಬಳದಲ್ಲಿ ಬ್ರೇಕು ಮತ್ತು ಎಣ್ಣೆ. ಮುಂದಿನ ತಿಂಗಳು ಬೆಲ್ಟು, ಆಮೇಲೆ ಕ್ಲಚ್ಚು. ಬಂಪರಿನ ಗೀರು ವರ್ಷಗಟ್ಟಲೆ ಕಾಯಬಲ್ಲದು.

ಕಾರ್ತೀಕದಲ್ಲಿ ನಿನ್ನ ಗಾಡಿಯಲ್ಲೇ ಧರ್ಮಸ್ಥಳಕ್ಕೆ ಹೋಗಬೇಕೆಂದು ನಿನ್ನಮ್ಮ ಹೇಳುತ್ತಿದ್ದಾಳೆ. ಈ ಪತ್ರ ಅವಳೂ ಓದುತ್ತಾಳೆ, ನನಗೆ ಗೊತ್ತು. ಅವಳು ಬೈದರೆ ಬೈಸಿಕೊಳ್ಳುತ್ತೇನೆ. ಇಪ್ಪತ್ತು ವರ್ಷಕ್ಕೂ ಮುಂಚೆ ಕೇಳಬೇಕಿದ್ದ ಬೈಗುಳ ಅದು. ಅವತ್ತಿನ ಆ ಪ್ಯಾಡನ್ನು ಇವತ್ತಿಗೂ ನನ್ನ ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದರ ಮೈ ಈಗಲೂ ಗಾಜಿನ ಹಾಗೆ ಹೊಳೆಯುತ್ತದೆ. ನೀನು ಇಲ್ಲಿಗೆ ಬಂದಾಗ ಅದನ್ನು ನಿನ್ನ ಕೈಗೆ ಕೊಡುತ್ತೇನೆ, ಬೆರಳಾಡಿಸಿ ನೋಡು. ಆಮೇಲೆ ಮೂವರೂ ಹೊರಡೋಣ. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿದು, ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿ. ಈ ಸಲ ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಾವೇ ಬೇಕೆಂದು ಬ್ರೇಕು ಒತ್ತಿ ನಿಲ್ಲಿಸಬೇಕು.

ಇಂತಿ ನಿನ್ನ ಒಳಿತನ್ನೇ ಬಯಸುವ,
ಸೋದರಮಾವ